ಗಂಗೆಯ ಪರವಾಗಿ ಯಾರು?

ತಿಪಟೂರಿನ ನಮ್ಮ ಮನೆಯ ದೇವರ ಗೂಡಿನಲ್ಲಿ ಒಂದು ಪುಟ್ಟ ತಾಮ್ರದ ತಂಬಿಗೆ ಇತ್ತು. ಬಾಯಿಗೆ ಬೆಸುಗೆ ಹಾಕಿ ಮುಚ್ಚಿದ್ದು. 1986ರ ಕೊನೆಯಲ್ಲಿ ಅಜ್ಜಿ ಕಾಶಿಯಾತ್ರೆ ಮುಗಿಸಿ ಬರುವಾಗ ತಂದದ್ದು. ಊರಿಗೆ ಬಂದು ಗಂಗಾಪೂಜೆ ಮಾಡಿ, ನೆಂಟರಿಷ್ಟರಿಗೆಲ್ಲ ಊಟ ಹಾಕಿ, ತಂದಿದ್ದ ತಂಬಿಗೆಗಳನ್ನೆಲ್ಲ ಹಂಚಿದ ಮೇಲೆ ಇದೊಂದನ್ನ ತನಗೆ ಅಂತ ಇಟ್ಟುಕೊಂಡಿದ್ದಳು. ಯಾವುದಕ್ಕೆ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳ್ತಿರಲಿಲ್ಲ. ಯುಗಾದಿಗೊಮ್ಮೆ ಗೂಡು ಕ್ಲೀನ್ ಮಾಡುವಾಗ ಅದನ್ನ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, "ಇದಾಳೆ" ಅಂತಿದ್ದಳು ಅಜ್ಜಿ. ಇದೆ ಅಂತಲ್ಲ, ಇದಾಳೆ.

2017ರ ಜೂನ್‌ನ ಒಂದು ಬೆಳಗಿನ ಜಾವ ನಾನೇ ಇಕ್ಕಳ ತಂದು ಆ ಬೆಸುಗೆ ಒಡೆದೆ. ಅಜ್ಜಿಗೆ ಉಸಿರು ಮೇಲುಮೇಲಕ್ಕೆ ಬರ್ತಿತ್ತು. ಡಾಕ್ಟರ್ ಆಗಿರುವ ಚಿಕ್ಕಮ್ಮನ ಮಗಳು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದು, "ತುಟಿ ಒದ್ದೆ ಮಾಡು ಸಾಕು ಕಣೋ, ಒಳಗೆ ಹೋಗೋದು ಬೇಡ. ಅದು ಎಂಥ ನೀರು ಅಂತ ನಿಂಗೂ ಗೊತ್ತು, ನಂಗೂ ಗೊತ್ತು" ಅಂದಳು. ಸಾಯುತ್ತಿರುವ ಜೀವಕ್ಕೆ ಇನ್ನು ಯಾವ ಸೋಂಕು ತಗುಲೀತು ಅಂತ ಇಬ್ಬರಿಗೂ ಹೊಳೆಯಲಿಲ್ಲ. ಅವಳು ಅಂದಿದ್ದೂ ತಪ್ಪಲ್ಲ. ನಾನು ತುಟಿ ಒದ್ದೆ ಮಾಡಿದೆ, ಅಷ್ಟೇ. ಒಂದು ಚಮಚ ಪೂರ್ತಿ ಹಾಕಬೇಕಿತ್ತಾ ಅಂತ ಇವತ್ತಿಗೂ ಒಂದೊಂದ್ಸಲ ಅನಿಸುತ್ತೆ.

ಅವತ್ತಿನ ದಿನ ಗಂಗೆ ಭಾರತದ ಕಾನೂನಿನ ಕಣ್ಣಲ್ಲಿ ಒಬ್ಬ ವ್ಯಕ್ತಿಯಾಗಿದ್ದಳು ಅನ್ನೋದು ನಾನು ಆಮೇಲೆ ಲೆಕ್ಕ ಹಾಕಿ ಕಂಡುಕೊಂಡದ್ದು. 2017ರ ಮಾರ್ಚ್ 20ರಂದು ಉತ್ತರಾಖಂಡ ಹೈಕೋರ್ಟ್ ಗಂಗೆ ಮತ್ತು ಯಮುನೆಯರನ್ನ, ಅವುಗಳ ಉಪನದಿಗಳ ಸಮೇತ, ಕಾನೂನುಬದ್ಧ ವ್ಯಕ್ತಿಗಳು ಅಂತ ಘೋಷಿಸಿತು. ಜುಲೈ 7ಕ್ಕೆ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ನಡುವೆ 109 ದಿನ. ಅಜ್ಜಿ ಹೋಗಿದ್ದು ಆ 109 ದಿನಗಳ ಒಳಗೆ. ಅಜ್ಜಿಯ ಪಾಲಿಗೆ ಗಂಗೆ ಯಾವತ್ತೂ ವ್ಯಕ್ತಿಯೇ, ಅವಳಿಗೆ ಯಾವ ಹೈಕೋರ್ಟಿನ ಆದೇಶವೂ ಬೇಕಿರಲಿಲ್ಲ. ನನಗೆ ಮಾತ್ರ ಆ 109 ದಿನಗಳ ಹಿಂದಿನ ಕಥೆ ಏನು ಅಂತ ಹುಡುಕುವ ಹುಚ್ಚು ಹಿಡೀತು.

ನದಿ ಹೇಗೆ ವ್ಯಕ್ತಿ ಆಗುತ್ತೆ ಅಂತ ನಗೋ ಮುಂಚೆ ನಿಮ್ಮ ಆಫರ್ ಲೆಟರ್ ತೆಗೆದು ನೋಡಿ. ಸಹಿ ಹಾಕಿದ್ದು ಯಾರೋ ಎಚ್‌ಆರ್ ಮೇಡಂ, ಆದರೆ ನಿಮ್ಮನ್ನ ಕೆಲಸಕ್ಕೆ ತಗೊಂಡಿದ್ದು ಅವರಲ್ಲ, ಕಂಪನಿ. ಕಂಪನಿಗೆ ಕೈಕಾಲಿಲ್ಲ. ಆದರೂ ಅದು ಆಸ್ತಿ ಮಾಡಬಹುದು, ಸಾಲ ತಗೋಬಹುದು, ನಿಮ್ಮ ಮೇಲೆ ಕೇಸು ಹಾಕಬಹುದು. ಈ ಮಾತನ್ನ ಗಟ್ಟಿ ಮಾಡಿದ್ದು 1896ರಲ್ಲಿ ಲಂಡನ್ನಿನಲ್ಲಿ, ಸಾಲೊಮನ್ ಅನ್ನೋ ಚರ್ಮದ ಬೂಟು ವ್ಯಾಪಾರಿಯ ಕೇಸು. ಸಾಲೊಮನ್ ಬೇರೆ, ಸಾಲೊಮನ್ ಕಂಪನಿ ಬೇರೆ ಅಂತ ಅಲ್ಲಿನ ಹೌಸ್ ಆಫ್ ಲಾರ್ಡ್ಸ್ ಹೇಳಿತು. ಮುಂದೆ ಗಂಗೆಯ ಕಥೆಯಲ್ಲೂ ಚರ್ಮದ ವ್ಯಾಪಾರ ಬರುತ್ತೆ, ಇದನ್ನ ನೆನಪಿಟ್ಟುಕೊಳ್ಳಿ.

ನಮ್ಮ ದೇಶದಲ್ಲಿ ಇನ್ನೊಬ್ಬ ಕಾನೂನುಬದ್ಧ ವ್ಯಕ್ತಿ ಇದ್ದಾನೆ, ದೇವರು. ತಮಾಷೆ ಅಲ್ಲ. ದೇವರಿಗೆ ಬರುವ ಆದಾಯಕ್ಕೆ ಇನ್‌ಕಂ ಟ್ಯಾಕ್ಸ್ ಹಾಕಬಹುದು ಅಂತ 1969ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ತಮಿಳುನಾಡಿನ ಪತ್ತೂರಿನಲ್ಲಿ ಮಣ್ಣಿನಡಿ ಸಿಕ್ಕಿ, ಕಳ್ಳದಾರಿಯಲ್ಲಿ ಲಂಡನ್ ಸೇರಿದ್ದ ನಟರಾಜನ ಕಂಚಿನ ವಿಗ್ರಹಕ್ಕಾಗಿ ಅಲ್ಲಿನ ಕೋರ್ಟಿನಲ್ಲಿ ಪಾಳುಬಿದ್ದ ಒಂದು ದೇವಸ್ಥಾನವೇ ಹಕ್ಕು ಕೇಳಿ ನಿಂತಿತ್ತು. 1991ರಲ್ಲಿ ಗೆದ್ದಿತು, ನಟರಾಜ ವಾಪಸ್ ಬಂದ.

ಆದರೆ ನನಗೆ ಇವೆಲ್ಲಕ್ಕಿಂತ ಮುಖ್ಯ ಅನಿಸಿದ್ದು 1925ರ ಒಂದು ಕೇಸು. ಕಲ್ಕತ್ತೆಯ ಮಲ್ಲಿಕ್ ಮನೆತನ, ಅಣ್ಣತಮ್ಮಂದಿರ ಜಗಳ. ಮನೆದೇವರ ಪೂಜೆ ಸರದಿಯ ಮೇಲೆ ನಡೀತಿತ್ತು. ಅವರಲ್ಲೊಬ್ಬರು, ನನ್ನ ಸರದಿ ಬಂದಾಗ ವಿಗ್ರಹವನ್ನ ನನ್ನ ಮನೆಗೇ ಒಯ್ಯುತ್ತೇನೆ ಅಂದರು. ಉಳಿದವರು ಒಪ್ಪಲಿಲ್ಲ. ಜಗಳ ಬೆಳೆದು ಬೆಳೆದು ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋಯಿತು. ಆಸ್ತಿ ಜಗಳ ನೋಡಿದವರಿಗೆಲ್ಲ ಇದು ಗೊತ್ತಿರುವ ಕಥೆಯೇ. ಪ್ರಿವಿ ಕೌನ್ಸಿಲ್ ಹೇಳಿದ ಮಾತು ಮಾತ್ರ ಹೊಸದಾಗಿತ್ತು. ವಿಗ್ರಹ ಮನೆಯ ಪಾತ್ರೆ ಪಡಗದ ಹಾಗೆ ಒಂದು ಸಾಮಾನಲ್ಲ, ಕೇಸು ಹಾಕಬಲ್ಲ, ಹಾಕಿಸಿಕೊಳ್ಳಬಲ್ಲ ಒಂದು ವ್ಯಕ್ತಿ. ಎಲ್ಲಿರಬೇಕು ಅನ್ನೋದರಲ್ಲಿ ಅದರ ಇಚ್ಛೆಗೂ ಬೆಲೆ ಇದೆ. ವಿಗ್ರಹ ಬಾಯಿಬಿಟ್ಟು ಮಾತಾಡಲ್ಲ, ಹಾಗಾಗಿ ಅದರ ಪರವಾಗಿ ಮಾತಾಡೋಕೆ ಒಬ್ಬರನ್ನ ಕೋರ್ಟು ನೇಮಿಸಬೇಕು. ಆ ಒಬ್ಬರು ಈ ಅಣ್ಣತಮ್ಮಂದಿರಲ್ಲಿ ಯಾರೂ ಆಗಬಾರದು. ಜಗಳದಲ್ಲಿ ತಮ್ಮದೇನೂ ಇಲ್ಲದವರೇ ಆಗಬೇಕು.

ವಕೀಲರು ಇವರನ್ನ ನೆಕ್ಸ್ಟ್ ಫ್ರೆಂಡ್ ಅಂತಾರೆ. ನಾನು ವಾದಮಿತ್ರ ಅಂತೀನಿ. ಅಪ್ಪ ಅಮ್ಮ ಇಲ್ಲದ ಮಗುವಿನ ಆಸ್ತಿಯನ್ನ ಚಿಕ್ಕಪ್ಪನೇ ನುಂಗ್ತಿದ್ದರೆ, ಆ ಮಗುವಿನ ಪರ ಕೋರ್ಟಿಗೆ ಹೋಗೋದು ಅದೇ ಚಿಕ್ಕಪ್ಪ ಆಗೋಕೆ ಸಾಧ್ಯ ಇಲ್ಲ ಅಲ್ವಾ? ಅಷ್ಟೇ ವಿಷಯ. ದೇವರ ಆಸ್ತಿ ನೋಡಿಕೊಳ್ಳೋಕೆ ಧರ್ಮದರ್ಶಿ ಇರ್ತಾನೆ. ಧರ್ಮದರ್ಶಿಯೇ ತಪ್ಪಿದರೆ ಅವನ ಮೇಲೆ ದೂರು ತರೋಕೆ ವಾದಮಿತ್ರ ಇರ್ತಾನೆ. ಬರೀ ವ್ಯಕ್ತಿ ಅಂತ ಕರೆದು ಬಿಟ್ಟರೆ ದೇವರಿಗೆ ಸಿಗೋದು ಒಂದು ಬಿರುದು ಮಾತ್ರ.

ಈ ಕಣ್ಣಿಂದ ಗಂಗೆಯ ಕಡೆ ನೋಡಿದರೆ, ವ್ಯಕ್ತಿ ಅನ್ನೋ ಹಣೆಪಟ್ಟಿ ಬರುವುದಕ್ಕೆ ಬಹಳ ಮುಂಚೆಯೇ ಅವಳ ಪರವಾಗಿ ನಿಂತವರು ಸಿಗ್ತಾರೆ. ಹರಿದ್ವಾರದಿಂದ ಶುರುವಾಗುವ ಗಂಗಾ ನಾಲೆಯನ್ನ ಕಟ್ಟಿಸಿದ್ದು ಪ್ರೋಬಿ ಕಾಟ್ಲಿ ಅನ್ನೋ ಬ್ರಿಟಿಷ್ ಎಂಜಿನಿಯರ್. 1854ರಲ್ಲಿ ನೀರು ಬಿಟ್ಟರು. ಅಣೆಕಟ್ಟೆ ಹಾಕಿ ಗಂಗೆಯನ್ನ ಬಂಧಿಸ್ತೀರಾ ಅಂತ ಅಲ್ಲಿನ ಪಂಡರು ತಿರುಗಿಬಿದ್ದರಂತೆ. ಕಾಟ್ಲಿ ಜಾಣ. ಕಟ್ಟೆಯಲ್ಲಿ ಒಂದು ಕಿಂಡಿ ಬಿಡ್ತೀನಿ, ಗಂಗೆ ಅಲ್ಲಿಂದ ತಡೆಯಿಲ್ಲದೆ ಹರೀಲಿ ಅಂದ. ಸ್ನಾನಘಟ್ಟಗಳ ರಿಪೇರಿ ಮಾಡಿಸಿಕೊಟ್ಟ. ಕೆಲಸ ಶುರು ಮಾಡುವಾಗ ಗಣಪತಿ ಪೂಜೆಯನ್ನೂ ಮಾಡಿಸಿದ. ಸ್ಟೇಕ್‌ಹೋಲ್ಡರ್ ಮ್ಯಾನೇಜ್‌ಮೆಂಟ್ ಅಂತ ನಮಗೆ ಟ್ರೈನಿಂಗ್ ಕೊಡ್ತಾರಲ್ಲ, ಈ ಮನುಷ್ಯನೇ ಬಂದು ಕ್ಲಾಸ್ ತಗೋಬಹುದಿತ್ತು.

ಅರವತ್ತು ವರ್ಷ ಕಳೆದ ಮೇಲೆ ಸರ್ಕಾರ ಭೀಮಗೋಡದಲ್ಲಿ ಇನ್ನೂ ಗಟ್ಟಿಯಾದ, ಕಾಯಂ ಕಟ್ಟೆ ಕಟ್ಟಲು ಹೊರಟಿತು. ಈ ಸಲ ಎದುರು ನಿಂತವರು ಮದನಮೋಹನ ಮಾಳವೀಯ. ದೇಶದ ಹಲವು ರಾಜ ಮಹಾರಾಜರನ್ನೂ ಜೊತೆಗೆ ಸೇರಿಸಿಕೊಂಡರು. 1916ರ ಡಿಸೆಂಬರ್‌ನಲ್ಲಿ ಹರಿದ್ವಾರದಲ್ಲಿ ಸಭೆ ನಡೀತು, ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಜೇಮ್ಸ್ ಮೆಸ್ಟನ್ ಬಂದು ಕೂತರು. ಕೊನೆಗೆ ಆದ ಒಪ್ಪಂದದಲ್ಲಿ ಒಂದು ಅಂಕಿ ಇದೆ: ಹರ್ ಕಿ ಪೌಡಿಯ ಕಡೆಗೆ ಕನಿಷ್ಠ 1,000 ಕ್ಯೂಸೆಕ್ ನೀರು ಯಾವಾಗಲೂ ಹರಿಯಬೇಕು. ಹಿಂದೂ ಸಮಾಜವನ್ನ ಕೇಳದೆ ಇದನ್ನ ಬದಲಾಯಿಸಬಾರದು ಅಂತಲೂ ಮಾತಾಯಿತು.

ಈ ಒಪ್ಪಂದ ನನಗೆ ಯಾಕೆ ಇಷ್ಟ ಅಂದರೆ, ಇದರಲ್ಲಿ ಗಂಗೆ ವ್ಯಕ್ತಿಯೋ ಅಲ್ಲವೋ ಅನ್ನೋ ಚರ್ಚೆಯೇ ಇಲ್ಲ. ಎಷ್ಟು ನೀರು ಅನ್ನೋ ಮಾತಿದೆ. ಭಕ್ತಿಯಿಂದ ಶುರುವಾಗಿ ಕ್ಯೂಸೆಕ್‌ನಲ್ಲಿ ಮುಗಿದ ಜಗಳ ಇದು. ಆಮೇಲೆ ನಾವೆಲ್ಲ ಭಕ್ತಿ ಉಳಿಸಿಕೊಂಡು ಕ್ಯೂಸೆಕ್ ಮರೆತೆವು ಅನಿಸುತ್ತೆ. ಇದರಲ್ಲಿ ಒಂದು ಕೊರತೆಯೂ ಇದೆ, ಮುಚ್ಚಿಡೋದು ಬೇಡ. ಮಾಳವೀಯರು ಕೇಳಿದ್ದು ಹರಿಯುವ ನೀರಿನ ಲೆಕ್ಕ. ಆ ನೀರಿಗೆ ಊರುಗಳು ಏನು ಸುರೀತಾವೆ ಅನ್ನೋದು ಅಲ್ಲಿ ಪ್ರಶ್ನೆಯಾಗಿರಲಿಲ್ಲ.

ಆ ಪ್ರಶ್ನೆ ಕೋರ್ಟು ಹತ್ತಿದ್ದು 1985ರಲ್ಲಿ. ಎಂ.ಸಿ. ಮೆಹ್ತಾ ಅನ್ನೋ ವಕೀಲರು ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಮರುವರ್ಷ ಜೂನ್‌ನಲ್ಲಿ ಪ್ರಧಾನಿ ರಾಜೀವ್ ಗಾಂಧಿ ಕಾಶಿಯಲ್ಲೇ ಗಂಗಾ ಆಕ್ಷನ್ ಪ್ಲಾನ್‌ಗೆ ಚಾಲನೆ ಕೊಟ್ಟರು. ಅಜ್ಜಿ ಅಲ್ಲಿಗೆ ಹೋಗಿದ್ದು ಅದಾದ ಐದಾರು ತಿಂಗಳಿಗೆ. ಅವಳಿಗೆ ಅದರ ಸುದ್ದಿಯೂ ಇದ್ದ ಹಾಗಿಲ್ಲ. ಅವಳು ಬಂದು ಹೇಳಿದ್ದು ದೋಣಿಯವನು ದುಡ್ಡು ಕಿತ್ತ ಕಥೆ ಮಾತ್ರ.

ಮೆಹ್ತಾ ಅವರ ಕೇಸಿನ ತೀರ್ಪು ಬರೆದವರಲ್ಲಿ ಒಬ್ಬರು ನಮ್ಮವರು. ಮಂಡ್ಯ ಜಿಲ್ಲೆಯ ಎಂಗಲಗುಪ್ಪೆಯಲ್ಲಿ ಹುಟ್ಟಿದ ಇ.ಎಸ್. ವೆಂಕಟರಾಮಯ್ಯ. 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾದವರು. ಅವರೂ ನ್ಯಾಯಮೂರ್ತಿ ಕೆ.ಎನ್. ಸಿಂಗ್ ಅವರೂ ಇದ್ದ ಪೀಠ 1987ರ ಸೆಪ್ಟೆಂಬರ್ 22ರಂದು ಕಾನ್ಪುರದ ಜಾಜ್ಮೌ ಚರ್ಮ ಹದ ಮಾಡುವ ಕಾರ್ಖಾನೆಗಳ ಬಗ್ಗೆ ತೀರ್ಪು ಕೊಟ್ಟಿತು. ಹೊಲಸು ನೀರನ್ನ ಮೊದಲ ಹಂತದಲ್ಲಾದರೂ ಶುದ್ಧ ಮಾಡುವ ಘಟಕ ಇಲ್ಲದ ಕಾರ್ಖಾನೆಗಳು ಬಾಗಿಲು ಮುಚ್ಚಬೇಕು. ನಮ್ಮ ಹತ್ತಿರ ದುಡ್ಡಿಲ್ಲ ಅಂದವರಿಗೆ ವೆಂಕಟರಾಮಯ್ಯನವರು ಕೊಟ್ಟ ಉತ್ತರದ ಸಾರ ಹೀಗಿದೆ: ಕೂಲಿಯವರಿಗೆ ಕನಿಷ್ಠ ಸಂಬಳ ಕೊಡಲಾಗದ ಉದ್ಯಮ ಹೇಗೆ ನಡೆಯಬಾರದೋ, ಹಾಗೇ ಇದನ್ನ ಕಟ್ಟಲಾಗದ ಕಾರ್ಖಾನೆಯೂ ನಡೆಯಬಾರದು. ಅಲ್ಲಿ ನೂರಾರು ಜನರ ಕೂಲಿ ಹೋಗುವ ವಿಷಯ ಇತ್ತು, ಸುಲಭದ ತೀರ್ಪಲ್ಲ.

ನನ್ನ ಹುಡುಕಾಟಕ್ಕೆ ಹೆಚ್ಚು ಬೇಕಾಗಿದ್ದು ಅದೇ ಕೇಸಿನ ಇನ್ನೊಂದು ತೀರ್ಪು, 1988ರ ಜನವರಿಯದ್ದು. ಅದು ಕಾನ್ಪುರ ನಗರಪಾಲಿಕೆ ಗಂಗೆಗೆ ಬಿಡುತ್ತಿದ್ದ ಚರಂಡಿ ನೀರಿನ ಕುರಿತು. ಇಂಗ್ಲಿಷರ ಹಳೇ ಕಾನೂನಿನ ಪ್ರಕಾರ ನದಿ ಕೆಟ್ಟರೆ ಕೇಳುವ ಹಕ್ಕು ದಡದಲ್ಲಿ ಜಮೀನಿರುವವನಿಗೆ. ಮೆಹ್ತಾಗೆ ಗಂಗೆಯ ದಡದಲ್ಲಿ ಜಮೀನಿರಲಿಲ್ಲ. ವೆಂಕಟರಾಮಯ್ಯನವರು, ಹೌದು, ಇವರು ದಡದ ಜಮೀನುದಾರರಲ್ಲ, ಆದರೆ ಗಂಗೆಯ ನೀರು ಬಳಸುವ ಜನರ ಜೀವ ಉಳೀಲಿ ಅಂತ ಬಂದಿದ್ದಾರೆ, ಇವರ ಹಕ್ಕನ್ನ ಪ್ರಶ್ನಿಸುವ ಹಾಗಿಲ್ಲ ಅಂತ ಬರೆದರು. ನದಿಯನ್ನ ವ್ಯಕ್ತಿ ಅಂತ ಅವರು ಕರೀಲಿಲ್ಲ. ನದಿಗೊಬ್ಬ ವಾದಮಿತ್ರನನ್ನ ಮಾತ್ರ ಒಪ್ಪಿಕೊಂಡರು. ಕಾವೇರಿ ಸೀಮೆಯಲ್ಲಿ ಹುಟ್ಟಿದವರು ಗಂಗೆಯ ಬಗ್ಗೆ ಬರೆದ ಈ ಸಾಲುಗಳನ್ನ ನಮ್ಮ ಶಾಲೆಯಲ್ಲಿ ಯಾಕೆ ಹೇಳಿಕೊಡಲಿಲ್ಲವೋ. ಅಂದ ಹಾಗೆ, ಶಾಲೆಗಳಲ್ಲಿ ವಾರಕ್ಕೊಂದು ಗಂಟೆ ಪರಿಸರ ಪಾಠ ಇರಲಿ ಅಂತ ಹೇಳಿದ್ದೂ ಅದೇ ತೀರ್ಪು. ನಾವು ಆಕಳಿಸಿಕೊಂಡು ಕೂರ್ತಿದ್ದ ಆ ಪೀರಿಯಡ್‌ನ ಬೇರು ಅಲ್ಲೂ ಇತ್ತು.

ಈಗ 2017ಕ್ಕೆ ಬರೋಣ. ಅದಕ್ಕೆ ಮೂರು ತಿಂಗಳು ಹಿಂದಿನ ಒಂದು ಘಟನೆ ಹೇಳದೆ ಮುಂದೆ ಹೋಗೋಕೆ ಮನಸ್ಸಾಗ್ತಿಲ್ಲ. ಗಂಗೆಯ ಅಂಚಿನಿಂದ 200 ಮೀಟರ್ ಒಳಗೆ ಕಟ್ಟಡ ಕಟ್ಟಬಾರದು ಅಂತ ಹಸಿರು ನ್ಯಾಯಮಂಡಳಿ ಹೇಳಿತ್ತು. ಹರಿದ್ವಾರದಲ್ಲಿ ದಡದುದ್ದಕ್ಕೂ ಕಟ್ಟಡಗಳೇ. ಉತ್ತರಾಖಂಡ ಸರ್ಕಾರ 2016ರ ಡಿಸೆಂಬರ್‌ನಲ್ಲಿ ಏನು ಮಾಡ್ತು ಗೊತ್ತಾ? ಹರ್ ಕಿ ಪೌಡಿಯಲ್ಲಿ ಹರಿಯೋದು ಗಂಗೆಯೇ ಅಲ್ಲ, ಹೆಚ್ಚುವರಿ ನೀರಿನ ನಾಲೆ ಅಂತ ಆದೇಶ ಹೊರಡಿಸಿತು! ಮಾಳವೀಯರು 1,000 ಕ್ಯೂಸೆಕ್ ಬರೆಸಿಕೊಂಡು ಸರಿಯಾಗಿ ನೂರು ವರ್ಷ. ಕೋಟ್ಯಂತರ ಜನ ಮುಳುಗು ಹಾಕುವ ಜಾಗ ಕಾಗದದ ಮೇಲೆ ಕಾಲುವೆ ಆಗಿಹೋಯಿತು. 2020ರಲ್ಲಿ ಇನ್ನೊಬ್ಬ ಮುಖ್ಯಮಂತ್ರಿ ಅದನ್ನ ವಾಪಸ್ ತಗೊಂಡರು, ಅಲ್ಲಿಯವರೆಗೂ ಗಂಗೆ ಅಲ್ಲಿ ಸರ್ಕಾರಿ ಲೆಕ್ಕದಲ್ಲಿ ನಾಲೆಯೇ.

ಅದೇ ರಾಜ್ಯದ ಹೈಕೋರ್ಟು ಮೂರು ತಿಂಗಳಲ್ಲಿ ಗಂಗೆಯನ್ನ ವ್ಯಕ್ತಿ ಮಾಡಿತು. 'ಮೊಹಮ್ಮದ್ ಸಲೀಂ ಮತ್ತು ಉತ್ತರಾಖಂಡ ರಾಜ್ಯ' ಅನ್ನೋ ಆ ಕೇಸು ಶುರುವಾಗಿದ್ದು ಒಂದು ನಾಲೆಯ ಪಕ್ಕದ ಸರ್ಕಾರಿ ಜಾಗದ ಒತ್ತುವರಿಯಿಂದ. ನ್ಯಾಯಮೂರ್ತಿಗಳಾದ ರಾಜೀವ್ ಶರ್ಮಾ, ಆಲೋಕ್ ಸಿಂಗ್ ಅದನ್ನ ಎಲ್ಲಿಂದೆಲ್ಲಿಗೋ ಒಯ್ದರು. ಕೋಟ್ಯಂತರ ಹಿಂದೂಗಳ ಶ್ರದ್ಧೆ, ವಿಗ್ರಹಗಳ ಹಳೇ ತೀರ್ಪುಗಳು, ಎಲ್ಲ ತೀರ್ಪಿನಲ್ಲಿ ಬಂದವು. ಅಲ್ಲಿಯತನಕ ನನಗೆ ತಕರಾರಿಲ್ಲ. ಕಾನ್ಪುರದ ಚರ್ಮದ ಕಂಪನಿ ಕೋರ್ಟಿನಲ್ಲಿ ವ್ಯಕ್ತಿಯಾಗಿ ನಿಲ್ಲಬಹುದಾದರೆ, ಅದರ ಹೊಲಸು ಕುಡಿಯುವವಳು ಯಾಕೆ ನಿಲ್ಲಬಾರದು?

ಆದರೆ ಗಂಗೆಯ ತಂದೆತಾಯಿ ಸ್ಥಾನದಲ್ಲಿ ಯಾರನ್ನ ಕೂರಿಸಿದರು ನೋಡಿ. ನಮಾಮಿ ಗಂಗೆ ಯೋಜನೆಯ ನಿರ್ದೇಶಕರು, ಉತ್ತರಾಖಂಡದ ಮುಖ್ಯ ಕಾರ್ಯದರ್ಶಿ, ಅದೇ ರಾಜ್ಯದ ಅಡ್ವೊಕೇಟ್ ಜನರಲ್. ಗಂಗೆ ಯಾರ ಮೇಲಾದರೂ ದೂರು ಹೇಳಬೇಕು ಅಂದರೆ ಮೊದಲು ಹೇಳಬೇಕಾದ್ದು ಸರ್ಕಾರಗಳ ಮೇಲೆ. ಅವಳ ಪರ ನಿಲ್ಲಬೇಕಾದವರು ಸರ್ಕಾರದ್ದೇ ವಕೀಲರು. 1925ರಲ್ಲಿ ಲಂಡನ್ನಿನಲ್ಲಿ ಕೂತ ದೊರೆಗಳಿಗೆ ಹೊಳೆದಿದ್ದ ಎಚ್ಚರಿಕೆ, ಅದೇ ಪರಂಪರೆಯನ್ನ ನೆಚ್ಚಿದ ಈ ತೀರ್ಪಿನಲ್ಲಿ ಕಾಣಲ್ಲ. ಮಗುವನ್ನ ಚಿಕ್ಕಪ್ಪನ ಕೈಗೇ ಕೊಟ್ಟ ಹಾಗಾಯಿತು. ಹತ್ತು ದಿನ ಬಿಟ್ಟು ಅದೇ ಪೀಠ ಗಂಗೋತ್ರಿ, ಯಮುನೋತ್ರಿ ಹಿಮನದಿಗಳು, ಕಾಡು, ಝರಿಗಳನ್ನೂ ವ್ಯಕ್ತಿಗಳ ಪಟ್ಟಿಗೆ ಸೇರಿಸಿದಾಗ ಪೋಷಕರಲ್ಲಿ ಎಂ.ಸಿ. ಮೆಹ್ತಾ ಅವರ ಹೆಸರೂ ಇತ್ತು. ಅಷ್ಟು ಮಟ್ಟಿಗೆ ಸಮಾಧಾನ.

ಚಿಕ್ಕಪ್ಪನಿಗೂ ಈ ಜವಾಬ್ದಾರಿ ಬೇಕಿರಲಿಲ್ಲ. ಉತ್ತರಾಖಂಡ ಸರ್ಕಾರವೇ ಸುಪ್ರೀಂ ಕೋರ್ಟಿಗೆ ಓಡಿತು. ಗಂಗೆ ಹಲವು ರಾಜ್ಯಗಳಲ್ಲಿ ಹರೀತಾಳೆ, ನಮ್ಮ ಮುಖ್ಯ ಕಾರ್ಯದರ್ಶಿ ಬೇರೆ ರಾಜ್ಯಕ್ಕೆ ಹೇಗೆ ಹೇಳೋದು? ನಾಳೆ ಪ್ರವಾಹ ಬಂದು ಯಾರಾದರೂ ಸತ್ತರೆ ಪರಿಹಾರ ಕೊಡಿ ಅಂತ ಅವರ ಮೇಲೆ ಕೇಸು ಹಾಕಬಹುದಾ? ಪ್ರಶ್ನೆಗಳು ಹುರುಳಿಲ್ಲದವೇನಲ್ಲ. ಆದರೆ ಗಮನಿಸಿ, ಗಂಗೆಯ ಹಕ್ಕಿನಿಂದ ಶುರುವಾದ ಮಾತು ನಾಲ್ಕು ತಿಂಗಳೊಳಗೆ ಅಧಿಕಾರಿಯ ಹೊಣೆಯ ಭಯಕ್ಕೆ ಬಂದು ನಿಂತಿತು. ತಡೆಯಾಜ್ಞೆ ಸಿಕ್ಕಿತು.

ನ್ಯೂಜಿಲೆಂಡಿನಲ್ಲಿ ಅದೇ ಮಾರ್ಚ್‌ನಲ್ಲಿ, ನೈನಿತಾಲಿನ ತೀರ್ಪಿಗೆ ಕೆಲವೇ ದಿನ ಮುಂಚೆ, ವಾಂಗನೂಯಿ ಅನ್ನೋ ನದಿಯನ್ನ ಸಂಸತ್ತು ವ್ಯಕ್ತಿ ಅಂತ ಒಪ್ಪಿತು. ಅದರ ಹಿಂದೆ ಮಾವೋರಿ ಜನರ ನೂರು ವರ್ಷಕ್ಕೂ ಮೀರಿದ ಹೋರಾಟ ಇತ್ತು. ನದಿಯ ಪರ ಮಾತಾಡೋಕೆ ಇಬ್ಬರು, ಒಬ್ಬರನ್ನ ಸರ್ಕಾರ ಆರಿಸುತ್ತೆ, ಇನ್ನೊಬ್ಬರನ್ನ ದಡದ ಮಾವೋರಿ ಬುಡಕಟ್ಟುಗಳು. ಜೊತೆಗೆ ನದಿಯ ಹೆಸರಲ್ಲಿ ಮೂರು ಕೋಟಿ ಡಾಲರ್ ನಿಧಿ. ಅಂದರೆ ಅವರು ಬಿರುದಿನ ಜೊತೆ ವಾದಮಿತ್ರನನ್ನೂ ಕೊಟ್ಟರು, ಖರ್ಚಿಗೆ ದುಡ್ಡನ್ನೂ ಕೊಟ್ಟರು.

ನಮ್ಮಲ್ಲಿ ಗಂಗೆಯ ಪರ ಕಡೆಯದಾಗಿ ಗಟ್ಟಿಯಾಗಿ ನಿಂತವರಲ್ಲಿ ಒಬ್ಬರನ್ನ ನೆನೆಯದಿದ್ದರೆ ತಪ್ಪಾಗುತ್ತೆ. ಜಿ.ಡಿ. ಅಗರ್‌ವಾಲ್, ಐಐಟಿ ಕಾನ್ಪುರದಲ್ಲಿ ಪಾಠ ಮಾಡಿದ ಎಂಜಿನಿಯರ್, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮೊದಲ ಸದಸ್ಯ ಕಾರ್ಯದರ್ಶಿ. ವಯಸ್ಸಾದ ಮೇಲೆ ಸನ್ಯಾಸಿಯಾದರು. ಗಂಗೆಗೆ ಕಾಯಿದೆ ಬೇಕು, ಅವಳ ಹರಿವಿಗೆ ಅಡ್ಡ ಬರುವ ಜಲವಿದ್ಯುತ್ ಯೋಜನೆಗಳು ನಿಲ್ಲಬೇಕು ಅಂತ 2018ರ ಜೂನ್ 22ರಂದು ಉಪವಾಸ ಕೂತರು. 111ನೇ ದಿನ, ಅಕ್ಟೋಬರ್ 11ರಂದು, ತೀರಿಕೊಂಡರು.

ಇದನ್ನೆಲ್ಲ ಓದುವಾಗ ನನಗೆ ನಮ್ಮ ಕಾವೇರಿಯ ಒಂದು ಕೋಷ್ಟಕ ನೆನಪಾಯಿತು. 2007ರಲ್ಲಿ ನ್ಯಾಯಮಂಡಳಿ 740 ಟಿಎಂಸಿ ನೀರನ್ನ ಹಂಚಿತು: ತಮಿಳುನಾಡಿಗೆ 419, ನಮಗೆ 270, ಕೇರಳಕ್ಕೆ 30, ಪುದುಚೇರಿಗೆ 7. 2018ರಲ್ಲಿ ಸುಪ್ರೀಂ ಕೋರ್ಟು ನಮ್ಮದಕ್ಕೆ 14.75 ಸೇರಿಸಿತು, ಅದರಲ್ಲಿ 4.75 ಬೆಂಗಳೂರಿಗೆ ಅಂತ. ಆಫೀಸಲ್ಲಿ ಸಿಹಿ ಹಂಚಿದ ನೆನಪು. ಆ ಕೋಷ್ಟಕದ ಕೆಳಗೆ ಇನ್ನೆರಡು ಸಾಲಿವೆ: ಪರಿಸರಕ್ಕೆ 10, ಸಮುದ್ರಕ್ಕೆ ತಪ್ಪಿ ಹೋಗುವುದು 4. ಅದು ಕಾವೇರಿಯದೇ ಪಾಲು. 740ರಲ್ಲಿ 14. ನಾಲ್ಕು ಕಡೆಯ ವಕೀಲರು ಅಷ್ಟು ವರ್ಷ ವಾದ ಮಾಡಿದರು, ಆ ಎರಡು ಸಾಲಿಗೆ ವಕೀಲರು ಯಾರಿದ್ದರು? ಆ 4.75ನ್ನ ಕುಡಿದು ನಾವು ಬಿಡೋದಾದರೂ ಎಲ್ಲಿಗೆ? ಒಂದು ಪಾಲು ಬಸವನಗುಡಿಯ ಬಸವಣ್ಣನ ಪಾದದಡಿ ಹುಟ್ಟುತ್ತಾಳೆ ಅಂತ ನಂಬಿಕೆ ಇರುವ ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ, ಅಲ್ಲಿಂದ ಸಂಗಮದಲ್ಲಿ ವಾಪಸ್ ಕಾವೇರಿಗೆ. ಮೈಸೂರು ರೋಡಿನಲ್ಲಿ ಗಾಳಿ ಆಂಜನೇಯನ ಗುಡಿ ದಾಟುವಾಗ ನಾನೂ ಕ್ಯಾಬಿನ ಗ್ಲಾಸ್ ಏರಿಸ್ತೀನಿ.

ಅಜ್ಜಿಯ ತಂಬಿಗೆ ಈಗ ಬೆಂಗಳೂರಿನ ನಮ್ಮ ಫ್ಲ್ಯಾಟಿನಲ್ಲಿದೆ. ಮುಂದಿನ ಫೆಬ್ರವರಿಗೆ ಅಮ್ಮ ಕಾಶಿಗೆ ಹೊರಟಿದ್ದಾಳೆ. ಟಿಕೆಟ್ ಬುಕ್ ಮಾಡಿಕೊಟ್ಟ ದಿನ ಅಮ್ಮ, "ಅಲ್ಲಿ ಹೊಸ ತಂಬಿಗೆ ಕೊಳ್ಳೋದು ಬೇಡ ಕಣೋ, ಅಜ್ಜಿದೇ ತೊಳೆದು ಕೊಡು, ತುಂಬಿಸ್ಕೊಂಡ್ ಬರ್ತೀನಿ" ಅಂದಳು. ಯಾಕೆ ಅಂತ ಕೇಳಲಿಲ್ಲ. ಬಾಯಿಯ ಸುತ್ತ ಹಳೇ ಬೆಸುಗೆ ಇನ್ನೂ ಅಂಟಿಕೊಂಡಿತ್ತು. ಭಾನುವಾರ ಅರ್ಧ ಗಂಟೆ ಕೂತು ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿದೆ.